ಗೇಮ್ ಕಟ್ಟುವ ಮಕ್ಕಳಿಗೆ ಕೇಳುವ ವಿದ್ಯೆ

ತುಮಕೂರು, ಗುಬ್ಬಿ, ಕುಣಿಗಲ್‌ನಲ್ಲಿರುವ ನಮ್ಮ ಮಕ್ಕಳು ಹವ್ಯಾಸಕ್ಕೆ ಗೇಮ್ ಕಟ್ಟಲು ದುಡ್ಡು ಬೇಕಿಲ್ಲ. ಅರ್ಜೆಂಟೀನಾದಲ್ಲಿ ಹುಟ್ಟಿದ ಗೊಡೋ ಎಂಜಿನ್ 2014ರಿಂದ ಎಲ್ಲರಿಗೂ ಮುಕ್ತ, ಉಚಿತ. ಕಷ್ಟ ಇರೋದು ಕೋಡ್ ಕೈಕೊಟ್ಟಾಗ. ಪಕ್ಕದ ಮನೆಯಲ್ಲಿ ಬಲ್ಲವರಿರಲ್ಲ, ಆನ್‌ಲೈನ್‌ನಲ್ಲೇ ಕೇಳಬೇಕು.

'ಗೇಮ್ ಓಡ್ತಿಲ್ಲ, ಸಹಾಯ ಮಾಡಿ' ಅಂದರೆ ಯಾರಿಗೂ ಏನೂ ತಿಳಿಯಲ್ಲ. 'ಸೆಕೆಂಡಿಗೆ 60 ಫ್ರೇಮ್ ಬರುವ ಫೋನಿನಲ್ಲಿ ಕಾರು ಸರಿಯಾಗಿ ಓಡುತ್ತೆ, 30 ಬರುವ ಫೋನಿನಲ್ಲಿ ಅರ್ಧ ವೇಗ' ಅಂದರೆ ಬಲ್ಲವರು ಕಾರಣ ಹಿಡಿಯುತ್ತಾರೆ: ಕಾರನ್ನು ಫ್ರೇಮ್ ಲೆಕ್ಕದಲ್ಲಲ್ಲ, ಕಳೆದ ಸಮಯದ ಲೆಕ್ಕದಲ್ಲಿ ಸರಿಸಬೇಕು. ಎಂಜಿನ್‌ನ ಆವೃತ್ತಿ, ಎರರ್ ಬಂದ ಸಾಲು, ತಾವು ಮಾಡಿ ನೋಡಿದ್ದು, ಈ ಮೂರನ್ನೂ ಮಕ್ಕಳು ಬರೆಯಲಿ.

ಹಿರಿಯರಾದ ನಾವು 'ಬರೀ ಗೇಮಾ?' ಅಂತ ಗದರುವ ಬದಲು 'ಎಲ್ಲಿ ಸಿಕ್ಕಿಕೊಂಡಿದೆ ಮೋನೇ?' ಅಂತ ಕೇಳೋಣ. ವಿವರಿಸಿ ಹೇಳುವಾಗಲೇ ಎಷ್ಟೋ ಸಲ ತಪ್ಪು ಕಣ್ಣಿಗೆ ಬೀಳುತ್ತೆ.