ಲುಬ್ಧಕದ ಸಹಚರ: ಸಾಂದ್ರತಾರೆಗಳ ಸ್ವರೂಪವಿಚಾರ

ಸೂರ್ಯಸಿದ್ಧಾಂತದ ನಕ್ಷತ್ರಗ್ರಹಯುತ್ಯಧಿಕಾರದಲ್ಲಿ ಅಗಸ್ತ್ಯದೊಡನೆ ಹೇಳಲ್ಪಟ್ಟಿರುವ ಮೃಗವ್ಯಾಧವೇ ಲುಬ್ಧಕವು. ಪಾಶ್ಚಾತ್ಯರು ಇದನ್ನು ಸಿರಿಯಸ್ ಎನ್ನುವರು. ರಾತ್ರಿಯ ಆಕಾಶದ ನಕ್ಷತ್ರಗಳಲ್ಲಿ ಇದಕ್ಕಿಂತ ಉಜ್ಜ್ವಲವಾದುದಿಲ್ಲ. ಆದರೆ ತಾರೆಗಳ ಅಂತ್ಯದಶೆಯನ್ನು ತಿಳಿಯಬಯಸುವವರಿಗೆ, ಬರಿಗಣ್ಣಿಗೆ ತೋರದ ಇದರ ಸಹಚರವೇ ಹೆಚ್ಚು ಬೋಧಪ್ರದವಾದುದು.

ಈ ಸಹಚರವು ಮೊದಲು ಸಿದ್ಧವಾದುದು ಅನುಮಾನದಿಂದ. ಲುಬ್ಧಕದ ಗತಿಯು ನೇರವಾಗಿರದೆ ಅತ್ತಿತ್ತ ತೊನೆಯುತ್ತಿರುವುದನ್ನು ಕಂಡ ಜರ್ಮನಿಯ ಬೆಸ್ಸೆಲ್ಲನು, ಧೂಮದಿಂದ ವಹ್ನಿಯನ್ನು ಊಹಿಸುವಂತೆ, ಕಾಣದ ತಾರೆಯೊಂದು ಅದನ್ನು ಸೆಳೆಯುತ್ತಿದೆಯೆಂದು 1844ರಲ್ಲಿ ಸಾರಿದನು. 1862ರಲ್ಲಿ ಅಮೆರಿಕದ ಆಲ್ವನ್ ಗ್ರಹಾಂ ಕ್ಲಾರ್ಕನು ಹೊಸ ದೂರದರ್ಶಕದ ಕಾಚವನ್ನು ಪರೀಕ್ಷಿಸುತ್ತಿರಲು ಅದು ಪ್ರತ್ಯಕ್ಷವಾಯಿತು. ಇವೆರಡೂ ಸುಮಾರು 50 ವರ್ಷಗಳಿಗೊಮ್ಮೆ ಪರಸ್ಪರ ಪ್ರದಕ್ಷಿಣೆ ಮಾಡುವುವು. ಈ ಗತಿಯನ್ನು ಗಣಿಸಿದರೆ ಸಹಚರದ ದ್ರವ್ಯರಾಶಿಯು ಸೂರ್ಯನದಕ್ಕೆ ಸಮವೆಂದು ತಿಳಿದುಬರುತ್ತದೆ.

ಮಂದವಾದ ತಾರೆಯು ತಂಪಾಗಿರಬೇಕೆಂಬುದು ಸಹಜವಾದ ಊಹೆ. 1915ರಲ್ಲಿ ಆಡಮ್ಸನು ಅದರ ವರ್ಣಪಟಲವನ್ನು ಪರೀಕ್ಷಿಸಲಾಗಿ, ಅದು ಅತ್ಯುಷ್ಣವಾದ ಶ್ವೇತತಾರೆಯೆಂದು ಕಂಡುಬಂದಿತು. ಉಷ್ಣವು ಅಧಿಕವಾಗಿಯೂ ಬೆಳಕು ಅಲ್ಪವಾಗಿಯೂ ಇರುವುದಾದರೆ ಬೆಳಕನ್ನು ಬೀರುವ ಮೈಯೇ ಕಿರಿದಾಗಿರಬೇಕು. ಈಗ ತಿಳಿದಿರುವಂತೆ ಅದರ ಗಾತ್ರವು ಭೂಮಿಗಿಂತ ತುಸು ಕಡಮೆ. ಸೂರ್ಯನಷ್ಟು ದ್ರವ್ಯವು ಭೂಮಿಯಷ್ಟು ಸ್ಥಳದಲ್ಲಿ ಅಡಕವಾಗಿರುವುದರಿಂದ, ಅದರ ಒಂದು ಘನ ಸೆಂಟಿಮೀಟರು 2 ಟನ್ನಿಗೂ ಮಿಕ್ಕು ತೂಗುವುದು. ಇಂಥವು ಶ್ವೇತಕುಬ್ಜಗಳು, ಕುಬ್ಜತ್ವವು ಗಾತ್ರಕ್ಕೆ ಸಲ್ಲುವುದೇ ಹೊರತು ದ್ರವ್ಯಕ್ಕಲ್ಲ.

ಸಾಮಾನ್ಯ ತಾರೆಯಲ್ಲಿ ಒಳಗಿನ ಕಾವಿನ ಒತ್ತಡವು ಗುರುತ್ವಾಕರ್ಷಣವನ್ನು ತಡೆಯುತ್ತದೆ. ಇಂಧನವು ತೀರಿದ ಮೇಲೆ ತಡೆಯುವುದಾವುದು? ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಎರಡಾಗಿ ಇರಲಾರವು. ಒತ್ತಿದಷ್ಟೂ ಅವು ಹೆಚ್ಚು ವೇಗದಿಂದ ಚಲಿಸಬೇಕಾಗುವುದು. ಅದರಿಂದ ಹುಟ್ಟುವ ಒತ್ತಡಕ್ಕೆ ಕಾವಿನ ಅಪೇಕ್ಷೆಯಿಲ್ಲವೆಂದು 1926ರಲ್ಲಿ ಫೌಲರನು ಪ್ರತಿಪಾದಿಸಿದನು.

1930ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗವನ್ನು ಮುಗಿಸಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟಿದ್ದ 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರರು ಈ ವಾದಕ್ಕೆ ಸಾಪೇಕ್ಷತಾ ಸಿದ್ಧಾಂತವನ್ನು ಜೋಡಿಸಿದರು. ಎಲೆಕ್ಟ್ರಾನುಗಳ ವೇಗವು ಬೆಳಕಿನ ವೇಗವನ್ನು ಮೀರಲಾರದಾದುದರಿಂದ ಈ ಒತ್ತಡಕ್ಕೂ ಮೇರೆಯುಂಟು. ಸೂರ್ಯನ ಸುಮಾರು 1.4 ಪಾಲಿಗಿಂತ ಹೆಚ್ಚು ದ್ರವ್ಯವುಳ್ಳ ಶ್ವೇತಕುಬ್ಜವು ನಿಲ್ಲಲಾರದು. 1935ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯಲ್ಲಿ ಎಡಿಂಗ್ಟನ್ನನು ಇದನ್ನು ಪರಿಹಾಸ ಮಾಡಿದನು. ಅವನ ಮಾತು ಅನೇಕರಿಗೆ ಆಪ್ತವಾಕ್ಯವಾಗಿ ತೋರಿತು. ಆದರೆ ಗಣಿತದಲ್ಲಿ ದೋಷವನ್ನು ತೋರಿಸಲು ಅವನಿಂದಾಗಲಿಲ್ಲ. ಕಾಲಕ್ರಮದಲ್ಲಿ ಮೇರೆಯು ಸ್ಥಿರಪಟ್ಟಿತು. 1983ರಲ್ಲಿ ಚಂದ್ರಶೇಖರರಿಗೆ ನೊಬೆಲ್ ಪಾರಿತೋಷಕವು ಸಂದಿತು.

ಮೇರೆಯನ್ನು ಮೀರಿದ ತಾರಾಗರ್ಭವು ಕುಸಿದು ನ್ಯೂಟ್ರಾನ್ ತಾರೆಯಾಗಬಹುದೆಂಬ ಊಹೆಯು 1934ರಲ್ಲಿ ಬಾಡೆ ಮತ್ತು ಜ್ವಿಕಿಯವರಿಂದ ಪ್ರಕಟವಾಯಿತು. ಅದರ ತ್ರಿಜ್ಯವು ಸುಮಾರು 12 ಕಿಲೋಮೀಟರು ಮಾತ್ರ. 1967ರಲ್ಲಿ ಜೋಸೆಲಿನ್ ಬೆಲ್ ಎಂಬಾಕೆಯು ಗುರುತಿಸಿದ ಮಿಡಿಯುವ ರೇಡಿಯೋ ಸಂಕೇತವು ಇಂಥ ತಾರೆಯದೆಂದು ನಿರ್ಣಯವಾಯಿತು. 1054ರಲ್ಲಿ ಚೀನೀಯರು ಬರೆದಿಟ್ಟ ‘ಅತಿಥಿತಾರೆ’ಯ ಸ್ಥಾನದಲ್ಲಿ ಈಗ ಅಂಥದೊಂದು ಸೆಕೆಂಡಿಗೆ ಸುಮಾರು 30 ಸಲ ತಿರುಗುತ್ತಿದೆ. ನ್ಯೂಟ್ರಾನ್ ತಾರೆಗೂ ಮೇರೆಯುಂಟು. ಸೂರ್ಯನ 2 ಪಾಲಿಗಿಂತ ತುಸು ಹೆಚ್ಚಾದ ಆ ಮೇರೆಯನ್ನು ದಾಟಿದುದು ಬೆಳಕನ್ನೂ ಹೊರಬಿಡದ ಕೃಷ್ಣವಿವರವಾಗುವುದು.

ಸೂರ್ಯನಾದರೋ ಚಂದ್ರಶೇಖರ ಮೇರೆಯ ಒಳಗಿರುವವನು. ಸುಮಾರು 500 ಕೋಟಿ ವರ್ಷಗಳ ತರುವಾಯ ಅವನ ಗರ್ಭವೂ ಶ್ವೇತಕುಬ್ಜವಾಗಿ ಉಳಿಯುವುದು. ಹಿಂದೊಮ್ಮೆ ಲುಬ್ಧಕಕ್ಕಿಂತ ಹಿರಿದಾಗಿದ್ದು ಈಗ ಮೆಲ್ಲನೆ ಆರುತ್ತಿರುವ ಆ ಸಹಚರದಲ್ಲಿ ಕಾಣುವುದು ಈ ಭಾವೀ ದಶೆಯೇ.