ಪ್ರದಕ್ಷಿಣೆಯೋ ಅಪ್ರದಕ್ಷಿಣೆಯೋ: ಬಾಹ್ಯಾಕಾಶದ ಪಾಠದಲ್ಲಿ ಮನೆಯ ಮಾತು

2025ರ ಜೂನ್ 28ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರೊಡನೆ ಪ್ರಧಾನಮಂತ್ರಿಗಳು ದೂರಸಂಪರ್ಕದ ಮೂಲಕ ಸಂಭಾಷಿಸಿದರು. ಆ ಮಾತುಕತೆಯಲ್ಲಿ ಪರಿಕ್ರಮದ ಪ್ರಸ್ತಾಪ ಬಂದಿತು. ಪರಿಕ್ರಮವು ಭಾರತೀಯರ ಪ್ರಾಚೀನ ಪದ್ಧತಿ, ನಿಮಗೆ ಭೂಮಾತೆಯ ಪರಿಕ್ರಮದ ಭಾಗ್ಯವೇ ದೊರೆತಿದೆ ಎಂಬರ್ಥದ ಮಾತಿಗೆ ಗಗನಯಾತ್ರಿಯ ಉತ್ತರ ಅಂಕಿಗಳಲ್ಲಿ ಬಂದಿತು: ದಿನಕ್ಕೆ 16 ಸೂರ್ಯೋದಯ, 16 ಸೂರ್ಯಾಸ್ತ. ಒಂದೇ ಸುತ್ತನ್ನು ಒಬ್ಬರು ಪುಣ್ಯವೆಂದೂ ಇನ್ನೊಬ್ಬರು ವೇಗವೆಂದೂ ಕಂಡರು. ಮಾತುಕತೆ ಮುಂದೆ ಸಾಗಿತು.

ಆದರೆ ಈ ಮಾತು ಆದೋನಿ, ಆಲೂರು, ಹೊಳಗುಂದ, ಕೌತಾಳಂ ಕಡೆಯ ಕನ್ನಡ ಮಾಧ್ಯಮದ ತರಗತಿಯೊಂದಕ್ಕೆ ಬಂದರೆ ಅಷ್ಟು ಸುಲಭವಾಗಿ ಮುಂದೆ ಸಾಗುವುದಿಲ್ಲ. ಉರುಕುಂದಿ ಈರಣ್ಣನ ಗುಡಿಯನ್ನೋ ಮಂತ್ರಾಲಯದ ಬೃಂದಾವನವನ್ನೋ ಅಜ್ಜಿಯ ಕೈ ಹಿಡಿದು ಸುತ್ತಿದ ಮಗುವಿಗೆ ಪ್ರದಕ್ಷಿಣೆಯ ನಿಯಮ ಚೆನ್ನಾಗಿ ಗೊತ್ತು: ದೇವರು ಸದಾ ಬಲಗಡೆಗಿರಬೇಕು. ಅಂಥ ಮಗು, ‘ನಿಲ್ದಾಣ ಭೂಮಿಯನ್ನು ಪ್ರದಕ್ಷಿಣೆ ಹಾಕುತ್ತದೆಯೋ, ಅಪ್ರದಕ್ಷಿಣೆ ಹಾಕುತ್ತದೆಯೋ?’ ಎಂದು ಕೇಳಿದರೆ ಅದು ಅಧಿಕಪ್ರಸಂಗವಲ್ಲ. ಕಕ್ಷೆಯ ಚಲನೆಯ ಬಗ್ಗೆ ಕೇಳಬಹುದಾದ ಅತ್ಯುತ್ತಮ ಪ್ರಶ್ನೆಗಳಲ್ಲಿ ಅದೂ ಒಂದು. ಗಡಿಯಾರದ ಮುಳ್ಳಿನ ದಿಕ್ಕನ್ನು ಸೂಚಿಸಲು ಕನ್ನಡದ ಗಣಿತ, ವಿಜ್ಞಾನ ಪುಸ್ತಕಗಳು ಬಳಸುವ ಶಬ್ದವೂ ಗುಡಿಯಿಂದಲೇ ಬಂದದ್ದು.

ಉತ್ತರವನ್ನು ಸಾವಧಾನವಾಗಿ ನೋಡಬೇಕು. ನಿಲ್ದಾಣವು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ, ಪಶ್ಚಿಮದಿಂದ ಪೂರ್ವದ ಕಡೆಗೆ ಓರೆಯಾಗಿ ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು 90 ನಿಮಿಷ. ಉತ್ತರ ಧ್ರುವದ ಮೇಲೆ ನಿಂತು ಕೆಳಗೆ ನೋಡಿದರೆ ಈ ಸುತ್ತು ಅಪ್ರದಕ್ಷಿಣವಾಗಿ ಕಾಣುತ್ತದೆ. ಅಜ್ಜಿ ಇದನ್ನು ಕೇಳಿದರೆ ಕಸಿವಿಸಿಗೊಂಡಾರು. ಆದರೆ ದಕ್ಷಿಣ ಧ್ರುವದ ಕಡೆಯಿಂದ ನೋಡಿದವನಿಗೆ ಅದೇ ಸುತ್ತು ಪ್ರದಕ್ಷಿಣೆಯೇ. ಸುತ್ತು ಬದಲಾಗಲಿಲ್ಲ, ನೋಡುವವನ ಸ್ಥಾನ ಬದಲಾಯಿತು. ಗುಡಿಯ ನೆಲದ ಮೇಲೆ ಈ ಗೊಂದಲ ಹುಟ್ಟುವುದಿಲ್ಲ, ಏಕೆಂದರೆ ಅಲ್ಲಿ ಎಲ್ಲರ ತಲೆಯೂ ಆಕಾಶದ ಕಡೆಗಿರುತ್ತದೆ. ನಿಲ್ದಾಣದೊಳಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ಅಲ್ಲಿ ತೇಲುವವನು ಸಾಗುವ ದಿಕ್ಕಿಗೆ ಮುಖ ಮಾಡಿ, ತಲೆಯನ್ನು ಉತ್ತರಕ್ಕೆ ಇಟ್ಟರೆ ಭೂಮಿ ಅವನ ಎಡಗಡೆಗೆ ಬರುತ್ತದೆ. ತಲೆಯನ್ನು ದಕ್ಷಿಣಕ್ಕೆ ತಿರುಗಿಸಿಕೊಂಡರೆ ಬಲಗಡೆಗೆ ಬರುತ್ತದೆ. ಉತ್ತರಕ್ಕೆ ತಲೆ ಹಾಕಿ ಮಲಗಬಾರದೆಂದು ಗದರಿಸುವ ಅಜ್ಜಿಗೆ ಈ ಒಂದು ವಿಷಯದಲ್ಲಿ ಜಯವೆಂದೇ ಹೇಳಬೇಕು!

ಇದನ್ನು ತೋರಿಸಲು ಉಪಕರಣವೇನೂ ಬೇಡ. ಎಣ್ಣೆ ಸವರಿದ ಕಾಗದದ ನಡುವೆ ಭೂಮಿಯನ್ನೂ ಸುತ್ತಲೂ ಬಾಣದ ಗುರುತುಳ್ಳ ಕಕ್ಷೆಯನ್ನೂ ಬರೆದು, ಕಿಟಕಿಯ ಬೆಳಕಿಗೆ ಹಿಡಿದು, ಒಮ್ಮೆ ಈ ಬದಿಯಿಂದ, ಒಮ್ಮೆ ಆ ಬದಿಯಿಂದ ನೋಡಿಸಿದರೆ ಸಾಕು. ಐದನೆಯ ತರಗತಿಯ ಮಗುವೂ ದಿಕ್ಕೆಂಬುದು ನೋಡುವವನನ್ನು ಅವಲಂಬಿಸಿದೆ ಎಂಬುದನ್ನು ತಾನೇ ಕಂಡುಕೊಳ್ಳುತ್ತದೆ.

ಇಂಥ ಪ್ರಶ್ನೆಗಳು ಬಂದಾಗ ತರಗತಿ ನಗುತ್ತದೆ, ಒಮ್ಮೊಮ್ಮೆ ಶಿಕ್ಷಕರೂ ನಗುತ್ತಾರೆ. ಆ ನಗುವಿನ ಬೆಲೆ ಈ ಭಾಗದಲ್ಲಿ ಬೇರೆಡೆಗಿಂತ ಹೆಚ್ಚು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಸ್ಥಾಪನೆಯಾದಾಗ ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟವು. ಅಂದಿನಿಂದ ಇಲ್ಲಿನ ಕನ್ನಡದ ಮಗು ಮನೆಯಲ್ಲಿ ಒಂದು ಮಾತನ್ನೂ ಸಂತೆಯಲ್ಲಿ, ಕಚೇರಿಯಲ್ಲಿ ಇನ್ನೊಂದು ಮಾತನ್ನೂ ಕೇಳುತ್ತ ಬೆಳೆಯುತ್ತದೆ. ಶ್ರೀಹರಿಕೋಟಾದ ಉಡಾವಣೆಯ ಸುದ್ದಿ ಅದಕ್ಕೆ ತಲುಪುವುದು ಬಹುಮಟ್ಟಿಗೆ ತೆಲುಗು ದೂರದರ್ಶನ ವಾಹಿನಿಗಳಿಂದ. ಅಜ್ಜಿಯ ಕನ್ನಡದ ಪ್ರಶ್ನೆಗೆ ಶಾಲೆಯಲ್ಲಿ ನಗುವೇ ಉತ್ತರವಾದರೆ, ಕನ್ನಡವು ಹಬ್ಬಕ್ಕೆ, ಹಾಡಿಗೆ ಮಾತ್ರ ಸಲ್ಲುವ ಭಾಷೆ, ತಿಳಿವಳಿಕೆಗೆ ಬೇರೆ ಭಾಷೆ ಬೇಕು ಎಂದು ಮಗು ಯಾರೂ ಹೇಳಿಕೊಡದೆಯೇ ಕಲಿತುಬಿಡುತ್ತದೆ. ಅಲ್ಪಸಂಖ್ಯಾತ ಭಾಷೆಯ ಶಾಲೆಯೊಂದಕ್ಕೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ.

ತಪ್ಪು ತಿಳಿವಳಿಕೆಯ ಮೂಲ ಬಹಳ ಸಲ ಶಬ್ದಗಳಲ್ಲಿಯೇ ಇರುತ್ತದೆ. ತೆಲುಗಿನಲ್ಲಿ ವಿಜ್ಞಾನಿಯನ್ನು ‘ಶಾಸ್ತ್ರವೇತ್ತ’ ಎನ್ನುತ್ತಾರೆ. ‘ಇಸ್ರೋ ಶಾಸ್ತ್ರವೇತ್ತಲು’ ಎಂಬ ಮಾತು ವಾಹಿನಿಯಲ್ಲಿ ಕೇಳಿಬಂದಾಗ, ಶಾಸ್ತ್ರ ಹೇಳುವವರನ್ನೂ ಅರಿಶಿನದ ಶಾಸ್ತ್ರವನ್ನೂ ಮಾತ್ರ ಬಲ್ಲ ಕನ್ನಡದ ಅಜ್ಜಿಗೆ, ರಾಕೆಟ್ಟಿಗೆ ಮುಹೂರ್ತ ನೋಡುವ ಜೋಯಿಸರು ಕಣ್ಮುಂದೆ ಬಂದರೆ ಆಶ್ಚರ್ಯವೇನು? 2023ರ ಜುಲೈನಲ್ಲಿ ಚಂದ್ರಯಾನ-3ರ ಉಡಾವಣೆಗೆ ಮುನ್ನ ಇಸ್ರೋ ವಿಜ್ಞಾನಿಗಳು ನೌಕೆಯ ಪುಟ್ಟ ಮಾದರಿಯೊಂದಿಗೆ ತಿರುಮಲೆಗೆ ಹೋದ ದೃಶ್ಯವನ್ನು ಆಕೆ ಅದೇ ಪರದೆಯ ಮೇಲೆ ಕಂಡಿರಲೂಬಹುದು. ‘ಗಗನಯಾತ್ರಿ’ ಎಂಬ ಮಾತೂ ಹಾಗೆಯೇ: ಯಾತ್ರೆಯೆಂದರೆ ಯಾವ ಕ್ಷೇತ್ರಕ್ಕೆ ಎಂಬ ಪ್ರಶ್ನೆ ಸಹಜವಾಗಿ ಹುಟ್ಟುತ್ತದೆ.

‘ಗ್ರಹ’ ಎಂಬ ಶಬ್ದದ ಕತೆ ಇನ್ನೂ ಸ್ವಾರಸ್ಯಕರ. ನವಗ್ರಹಗಳಲ್ಲಿ ಸೂರ್ಯ, ಚಂದ್ರರಿಬ್ಬರೂ ಇದ್ದಾರೆ. ಪಠ್ಯದ ಎಂಟು ಗ್ರಹಗಳಲ್ಲಿ ಇಬ್ಬರೂ ಇಲ್ಲ, ಭೂಮಿ ಇದೆ. ಪಟ್ಟಿಗಳೆರಡೂ ಒಂದೇ ಹೆಸರಿನವು, ಆದರೆ ಒಂದು ಭೂಮಿಯಲ್ಲಿ ನಿಂತವನಿಗೆ ನಕ್ಷತ್ರಗಳ ನಡುವೆ ಸರಿದಾಡುವಂತೆ ಕಂಡವುಗಳ ಪಟ್ಟಿ, ಇನ್ನೊಂದು ಸೂರ್ಯನನ್ನು ಸುತ್ತುವವುಗಳ ಪಟ್ಟಿ. ಪ್ರಾಚೀನ ಗ್ರೀಕರೂ ‘ಅಲೆಮಾರಿ’ ಎಂಬರ್ಥದ ತಮ್ಮ ಶಬ್ದದೊಳಗೆ ಸೂರ್ಯಚಂದ್ರರನ್ನು ಸೇರಿಸಿದ್ದರು. ರಾಹು ಕೇತುಗಳನ್ನು ಕೇವಲ ಕಟ್ಟುಕತೆಯೆಂದು ತಳ್ಳಿಹಾಕುವ ಶಿಕ್ಷಕರು ಒಂದು ಒಳ್ಳೆಯ ಪಾಠವನ್ನು ಕಳೆದುಕೊಳ್ಳುತ್ತಾರೆ. ಪಂಚಾಂಗದ ಗಣಿತದಲ್ಲಿ ಅವು ಎರಡು ಬಿಂದುಗಳು: ಚಂದ್ರನ ಹಾದಿಯು ಸೂರ್ಯನ ತೋರಿಕೆಯ ಹಾದಿಯನ್ನು ದಾಟುವ ಸ್ಥಳಗಳು. ಎರಡು ಹಾದಿಗಳ ನಡುವೆ ಸುಮಾರು 5 ಡಿಗ್ರಿ ಓರೆ ಇರುವುದರಿಂದ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ವೇಳೆ ಸೂರ್ಯನು ಆ ಬಿಂದುಗಳ ಸಮೀಪವಿದ್ದರೆ ಮಾತ್ರ ಗ್ರಹಣ. ಪ್ರತಿ ಅಮಾವಾಸ್ಯೆಗೂ ಸೂರ್ಯಗ್ರಹಣ ಏಕಾಗುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ರಾಹುವಿನಲ್ಲಿಯೇ ಅಡಗಿದೆ.

ಇನ್ನು ‘ಗುರುಬಲ’. ಮೊಮ್ಮಗಳ ಮದುವೆಗೆ ಗುರುಬಲ ಬಂದಿದೆಯೇ ಎಂದು ವಿಚಾರಿಸುವ ಮನೆಯಿಂದ ಬಂದ ಮಗು, ಪಠ್ಯದಲ್ಲಿ ‘ಗುರುತ್ವ ಬಲ’ ಎಂಬುದನ್ನು ಓದಿ ಎರಡನ್ನೂ ಒಂದೇ ಎಂದು ಭಾವಿಸುವುದುಂಟು. ಕನ್ನಡ ಶಿಕ್ಷಕರಿಗೆ ಇಲ್ಲಿ ಛಂದಸ್ಸು ನೆರವಿಗೆ ಬರುತ್ತದೆ. ಲಘು ಎಂದರೆ ಹಗುರ, ಗುರು ಎಂದರೆ ಭಾರ, ಗುರುತ್ವವೆಂದರೆ ಭಾರವಾಗಿರುವಿಕೆ. ಗುರುಗ್ರಹಕ್ಕೆ ಆ ಹೆಸರು ದೇವತೆಗಳ ಆಚಾರ್ಯನಾದ ಬೃಹಸ್ಪತಿಯಿಂದ ಬಂದದ್ದಾದರೂ ಅದು ಭೂಮಿಯ ಸುಮಾರು 318 ಪಟ್ಟು ದ್ರವ್ಯರಾಶಿಯುಳ್ಳದ್ದು. ಹೆಸರು ಆಕಸ್ಮಿಕವಾಗಿ ಎರಡೂ ಅರ್ಥದಲ್ಲಿ ಸಲ್ಲುತ್ತದೆ. ಈ ಪಾಠದಲ್ಲಿ ಮಗುವಿನ ಗೊಂದಲಕ್ಕಿಂತ ಶಿಕ್ಷಕರು ವಾಡಿಕೆಯಾಗಿ ಹೇಳುವ ಒಂದು ಮಾತು ಹೆಚ್ಚು ಅಪಾಯಕಾರಿ: ‘ಬಾಹ್ಯಾಕಾಶದಲ್ಲಿ ಗುರುತ್ವವಿಲ್ಲ, ಅದಕ್ಕೇ ತೇಲುತ್ತಾರೆ.’ ನಿಲ್ದಾಣವಿರುವ ಎತ್ತರದಲ್ಲಿ ಭೂಮಿಯ ಗುರುತ್ವವು ನೆಲದಲ್ಲಿರುವುದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇದೆ. ನಿಲ್ದಾಣವೂ ಒಳಗಿನ ಜನರೂ ಜೊತೆಯಾಗಿ ನಿರಂತರ ಬೀಳುತ್ತಿದ್ದಾರೆ. ಮುಂದಕ್ಕೆ ಸಾಗುವ ವೇಗದಿಂದಾಗಿ ಬಿದ್ದಷ್ಟೂ ಭೂಮಿ ಬಾಗಿ ಸರಿಯುತ್ತದೆ. ನಾಗರಪಂಚಮಿಯ ಜೋಕಾಲಿ ತುತ್ತತುದಿ ಮುಟ್ಟಿ ಹಿಂದಿರುಗುವ ಕ್ಷಣದಲ್ಲಿ ಹೊಟ್ಟೆ ಹಗುರಾದಂತಾಗುವುದನ್ನು ಬಲ್ಲ ಮಕ್ಕಳಿಗೆ ಇದು ಬೇಗ ಹೊಳೆಯುತ್ತದೆ.

ಸಂಪ್ರದಾಯವನ್ನು ಹೊರಗಿನಿಂದ ಕೇಳಿದ ಗಗನಯಾತ್ರಿಗಳೂ ಎಡವಿದ್ದಾರೆ. 1969ರ ಜುಲೈ 20ರಂದು, ಅಪೊಲೊ-11 ಚಂದ್ರನಲ್ಲಿ ಇಳಿಯುವ ಕೆಲವು ಗಂಟೆಗಳ ಮುನ್ನ, ಹೂಸ್ಟನ್ನಿನ ನಿಯಂತ್ರಣ ಕೇಂದ್ರವು ಚೀನೀಯರ ಕತೆಯೊಂದನ್ನು ಸುದ್ದಿಯಾಗಿ ಓದಿ ತಿಳಿಸಿತು. ಗಂಡನ ಅಮೃತಗುಳಿಗೆಯನ್ನು ಕದ್ದು ಚಂದ್ರಲೋಕ ಸೇರಿದ ಚಾಂಗ್-ಎ ಎಂಬ ಸುಂದರಿಯನ್ನೂ ಅವಳೊಡನಿರುವ ದೊಡ್ಡ ಮೊಲವನ್ನೂ ಹುಡುಕಿರೆಂಬುದು ಸೂಚನೆ. ‘ಮೊಲದ ಹುಡುಗಿ’ಗಾಗಿ ಕಣ್ಣಿಟ್ಟಿರುತ್ತೇವೆ ಎಂಬರ್ಥದ ಉತ್ತರ ನೌಕೆಯಿಂದ ಬಂದಿತು. ಹುಡುಗಿ ಬೇರೆ, ಮೊಲ ಬೇರೆ. ಕೇಳಿದವರು ತಮಾಷೆಗೆ ಎರಡನ್ನೂ ಒಂದಾಗಿಸಿದರು. ಚಂದ್ರನನ್ನು ಶಶಾಂಕನೆಂದು ಕರೆಯುವ ನಮ್ಮ ಮಕ್ಕಳಿಗೆ ಆ ಮೊಲ ಅಪರಿಚಿತವಲ್ಲ. ನೆರೆಮನೆಯ ತೆಲುಗು ಮಗುವಿಗೆ ಅದೇ ಕುಂದೇಲು. ಮೊಲವಾಗಿ ಕಾಣುವುದು ಹಿಂದೆ ಕರಗಿದ ಶಿಲೆ ಹರಿದು ಹರಡಿ ಗಟ್ಟಿಯಾದ ಕಪ್ಪು ಬಯಲುಗಳು. ಖಗೋಳಜ್ಞರು ಅವನ್ನು ಇಂದಿಗೂ ‘ಸಮುದ್ರ’ಗಳೆಂದೇ ಕರೆಯುತ್ತಾರೆ, ಅಪೊಲೊ ಇಳಿದದ್ದು ಹನಿ ನೀರೂ ಇಲ್ಲದ ‘ಪ್ರಶಾಂತ ಸಮುದ್ರ’ದಲ್ಲಿ! 2013ರ ಡಿಸೆಂಬರ್ 14ರಂದು ಚೀನಾದ ಚಾಂಗ್-ಎ-3 ನೌಕೆ ಚಂದ್ರನ ಮೇಲೆ ಇಳಿದಾಗ, ಅದರೊಳಗಿಂದ ಹೊರಬಂದ ಸಂಚಾರಿ ಯಂತ್ರದ ಹೆಸರು ‘ಯುಟು’, ಅಂದರೆ ಪಚ್ಚೆಕಲ್ಲಿನ ಮೊಲ.

ದಿನಕ್ಕೆ 16 ಸೂರ್ಯೋದಯವೆಂದರೆ ಸಂಧ್ಯಾವಂದನೆ ಎಷ್ಟು, ನಮಾಜು ಎಷ್ಟು, ಉಪವಾಸ ಎಷ್ಟು ಹೊತ್ತು? ಆದೋನಿಯಂಥ ಊರಿನ ತರಗತಿಯಲ್ಲಿ ಈ ಮೂರು ಪ್ರಶ್ನೆಗಳೂ ಏಳಬಹುದು. ಬಲ್ಲವರೇ ಇವನ್ನು ಗಂಭೀರವಾಗಿ ಚರ್ಚಿಸಿದ್ದಾರೆ. 2003ರ ಜನವರಿಯಲ್ಲಿ ಕಲ್ಪನಾ ಚಾವ್ಲಾ ಅವರೊಡನೆ ಕೊಲಂಬಿಯಾ ನೌಕೆಯಲ್ಲಿ ತೆರಳಿದ ಇಸ್ರೇಲಿನ ಇಲಾನ್ ರಾಮೋನ್ ತಮ್ಮ ಧರ್ಮದ ವಾರದ ವಿಶ್ರಾಂತಿ ದಿನವನ್ನು ಯಾವ ಸೂರ್ಯಾಸ್ತದಿಂದ ಎಣಿಸಬೇಕೆಂದು ಧರ್ಮಗುರುಗಳನ್ನು ಕೇಳಿದ್ದರು. 2007ರ ಅಕ್ಟೋಬರ್‌ನಲ್ಲಿ, ರಂಜಾನ್ ತಿಂಗಳಲ್ಲಿಯೇ, ನಿಲ್ದಾಣಕ್ಕೆ ಹೋದ ಮಲೇಷ್ಯಾದ ವೈದ್ಯ ಶೇಖ್ ಮುಜಫರ್ ಅವರಿಗಾಗಿ ಆ ದೇಶದ ವಿದ್ವಾಂಸರು ಮಾರ್ಗಸೂಚಿಯನ್ನೇ ಸಿದ್ಧಪಡಿಸಿದರು: 24 ಗಂಟೆಗೆ ಐದೇ ನಮಾಜು, ವೇಳೆ ಉಡಾವಣೆಯ ಸ್ಥಳದ್ದು; ಕಾಬಾದ ದಿಕ್ಕನ್ನು ಸಾಧ್ಯವಾದಷ್ಟು ಅನುಸರಿಸುವುದು, ಆಗದಿದ್ದರೆ ಭೂಮಿಯ ಕಡೆಗೆ ತಿರುಗುವುದು.

ಏಕಾದಶಿಯ ಲೆಕ್ಕ ಮತ್ತೂ ಸೂಕ್ಷ್ಮ. ಚಂದ್ರನು ಸೂರ್ಯನಿಂದ 12 ಡಿಗ್ರಿ ದೂರ ಸರಿಯಲು ಹಿಡಿಯುವ ಕಾಲವೇ ಒಂದು ತಿಥಿ. ಅದು ಸುಮಾರು 19ರಿಂದ 26 ಗಂಟೆ. ಅದು ಮುಗಿಯುವ ಕ್ಷಣ ಮಂತ್ರಾಲಯಕ್ಕೂ ನಿಲ್ದಾಣಕ್ಕೂ ಒಂದೇ. ಸೂರ್ಯೋದಯ ಮಾತ್ರ ಸ್ಥಳದ್ದು. ಆದ್ದರಿಂದ ನಿಲ್ದಾಣದಲ್ಲಿ ಉಪವಾಸವಿದ್ದವನು ಒಂದೂವರೆ ಗಂಟೆಗೇ ಮತ್ತೆ ಸೂರ್ಯೋದಯವಾಯಿತೆಂದು ಪಾರಣೆಗೆ ಕೂರುವಂತಿಲ್ಲ. ಹನ್ನೆರಡು ಹದಿನೈದು ಸೂರ್ಯೋದಯ ಕಳೆದರೂ ಏಕಾದಶಿ ಇನ್ನೂ ಕಳೆದಿರುವುದಿಲ್ಲ. ತಿಥಿ ಮತ್ತು ದಿನ ಬೇರೆ ಬೇರೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತಿಳಿಸುವ ಉದಾಹರಣೆ ಸಿಗುವುದು ಕಷ್ಟ.

ಶುಕ್ಲಾ ಅವರು ನಿಲ್ದಾಣಕ್ಕೆ ಒಯ್ದ ಪ್ರಯೋಗಗಳಲ್ಲಿ ಒಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹಾಗೂ ಅಲ್ಲಿನ ಐಐಟಿಯ ವಿಜ್ಞಾನಿಗಳದು: ಮೆಂತ್ಯ ಮತ್ತು ಹೆಸರುಕಾಳನ್ನು ಅಲ್ಲಿ ಮೊಳೆಯಿಸುವುದು. ಈ ಪಾಠದ ಮನೆಗೆಲಸಕ್ಕೆ ಅದಕ್ಕಿಂತ ಅನುಕೂಲವಾದುದಿಲ್ಲ. ಮೊಳಕೆ ಕಟ್ಟುವುದನ್ನು ಮಗು ಮನೆಯ ಹಿರಿಯರಿಂದಲೇ ಕಲಿಯಲಿ. ಮೊಳೆತ ನಾಲ್ಕು ಕಾಳುಗಳನ್ನು ಗಾಜಿನ ಸೀಸೆಯ ಒಳಬದಿಗೆ ಒದ್ದೆ ಬಟ್ಟೆಯಿಂದ ಒತ್ತಿ ನಿಲ್ಲಿಸಿ, ಬೇರು ಕೆಳಮುಖವಾದ ಮೇಲೆ ಸೀಸೆಯನ್ನು ಅಡ್ಡ ಮಲಗಿಸಬೇಕು. ಮರುದಿನ ಬೇರು ಎತ್ತ ಬಾಗಿದೆಯೆಂದು ಬರೆದುಕೊಂಡು ಬರಲಿ. ‘ಕೆಳಗೆ’ ಎಂಬುದೇ ಇಲ್ಲದ ಕಡೆ ಬೇರು ಎತ್ತ ಹೋದೀತು ಎಂದು ಮನೆಯಲ್ಲಿ ಅಜ್ಜಿಯನ್ನು ಕೇಳಿ, ಅವರು ಹೇಳಿದ ಉತ್ತರವನ್ನು ಅವರ ಮಾತಿನಲ್ಲಿಯೇ ಅದರ ಕೆಳಗೆ ಬರೆಯಲಿ.