ಮೂರನೇ ತೂತು ಖಾಲಿ ಇದ್ದರೆ? ಅರ್ಥಿಂಗ್ ಇಲ್ಲದ ಮನೆಯಲ್ಲಿ ಶಾಕ್‌ನಿಂದ ಪಾರಾಗೋದು ಹೇಗೆ

ಇವತ್ತು ಮೊಬೈಲ್ ಬಗ್ಗೆ ಅಲ್ಲ, ಅದನ್ನ ಚಾರ್ಜಿಗೆ ಹಾಕೋ ಗೋಡೆ ಮೇಲಿನ ಬೋರ್ಡ್ ಬಗ್ಗೆ ಮಾತಾಡೋಣ. ಒಮ್ಮೆ ಅದರ ಕಡೆ ನೋಡ್ರಿ. ಕೆಳಗೆ ಎರಡು ತೂತು, ಮೇಲೆ ಒಂದು ದೊಡ್ಡ ತೂತು. ಆ ದೊಡ್ಡ ತೂತಿನ ಹಿಂದೆ ತಂತಿ ಇದೆಯೋ ಇಲ್ಲವೋ, ಹೊರಗಿಂದ ಹೇಳೋಕಾಗಲ್ಲ. ಬಹಳ ಮನೆಗಳಲ್ಲಿ ಅದು ಬರೀ ತೂತು.

ನಾನಿರೋದು ವಿಜಯಪುರದ ಭೂತನಾಳ ಕೆರೆ ಕಡೆ. ನಮ್ಮ ಭಾಗದ ಹಳೇ ಮನೆಗಳಿಗೆ ಕರೆಂಟ್ ಬಂದಾಗ ಉರೀತಿದ್ದದ್ದು ಒಂದೆರಡು ಬಲ್ಬ್ ಅಷ್ಟೇ. ಭಾಗ್ಯಜ್ಯೋತಿ ಮನೆಗಳಿಗಂತೂ ಒಂದೇ ದೀಪ. ಅದಕ್ಕೆ ಎರಡು ತಂತಿ ಸಾಕಿತ್ತು: ಫೇಸ್, ನ್ಯೂಟ್ರಲ್. ಆಮೇಲೆ ಅದೇ ಎರಡು ತಂತಿಗೆ ಫ್ರಿಜ್ ಬಂತು, ಬ್ಯಾಸಿಗಿಗೆ ತಗಡಿನ ಕೂಲರ್ ಬಂತು, ನಳಕ್ಕೆ ಹಚ್ಚೋ ಮೋಟರ್ ಬಂತು. 2023ರಲ್ಲಿ ಗೃಹಜ್ಯೋತಿ ಬಂದು ಬಿಲ್ಲಿನ ಚಿಂತೆ ಕಡಿಮೆ ಆಗಿರಬಹುದು. ಗೋಡೆಯೊಳಗಿನ ತಂತಿ ಮಾತ್ರ ಹಳೇದೇ.

"ಕೂಲರ್ ಮುಟ್ಟಿದ್ರ ಜುಮ್ ಅಂತದ, ಚಪ್ಪಲಿ ಹಾಕ್ಕೊಂಡು ಮುಟ್ಟು." ಈ ಮಾತನ್ನ ನೀವೂ ಕೇಳಿರ್ತೀರಿ. ಆ ಜುಮ್ ಅಂದ್ರೆ ಒಳಗಿನ ಕರೆಂಟ್ ತಗಡಿನ ಮೈಗೆ ಸೋರ್ತಾ ಇದೆ ಅಂತ. ಹಾದಿ ಸಿಗದೆ ಅದು ಕಾಯ್ತಾ ನಿಂತಿರ್ತದೆ. ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಯಾರು ಮುಟ್ಟುತ್ತಾರೋ ಅವರೇ ಹಾದಿ.

"ನಮ್ಮನ್ಯಾಗ ಎಂಸಿಬಿ ಅದ, ಏನಾದ್ರೂ ಆದ್ರ ಬೀಳ್ತದ" ಅಂತ ಕೆಲವರು ಧೈರ್ಯವಾಗಿರ್ತಾರೆ. ಲೆಕ್ಕ ಹಾಕೋಣ. ಮನೆ ಕರೆಂಟ್ 230 ವೋಲ್ಟ್. ಒದ್ದೆ ಮೈಯ ರೋಧ ಸುಮಾರು 1000 ಓಮ್ ಅಂತ ಹಿಡಿಯೋಣ. ಭಾಗಿಸಿದ್ರೆ 0.23 ಆಂಪಿಯರ್, ಅಂದ್ರೆ 230 ಮಿಲಿಆಂಪಿಯರ್. ಒಂದು 60 ವ್ಯಾಟ್ ಬಲ್ಬ್ ಎಳೆಯೋದಕ್ಕಿಂತ ಕಡಿಮೆ! ಆದ್ರೆ ಮೈಗೆ ಅದು ವಿಪರೀತ. 1 ಮಿಲಿಆಂಪಿಯರ್ ಹರಿದ್ರೆ ಚುಳ್ ಅನ್ನುತ್ತೆ. 10ರ ಆಸುಪಾಸಿಗೆ ಸ್ನಾಯು ಬಿಗಿದು ಹಿಡಿದ ಕೈ ಬಿಡೋಕಾಗಲ್ಲ. 50 ದಾಟಿ ಸ್ವಲ್ಪ ಹೊತ್ತು ಹರಿದ್ರೂ ಹೃದಯದ ಬಡಿತ ತಾಳ ತಪ್ಪಬಹುದು. 16 ಆಂಪಿಯರ್‌ನ ಎಂಸಿಬಿಗೆ ಈ 0.23 ಲೆಕ್ಕಕ್ಕೇ ಇಲ್ಲ. ಅದು ಇರೋದು ತಂತಿ ಸುಡದಂತೆ ಕಾಯೋಕೆ, ಮನುಷ್ಯರನ್ನ ಕಾಯೋಕಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ 10 ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ತಗುಲಿ ಸಾಯ್ತಾರೆ.

ಹಾಗಾದ್ರೆ ಅರ್ಥಿಂಗ್ ಏನು ಮಾಡುತ್ತೆ? ಕೂಲರ್ ಮೈಯಿಂದ ನೆಲಕ್ಕೆ ಒಂದು ಸಲೀಸಾದ ಹಾದಿ ಕೊಡುತ್ತೆ. ಅರ್ಥಿಂಗ್ ತಗ್ಗಿನ ರೋಧ 5 ಓಮ್ ಇದ್ರೆ 46 ಆಂಪಿಯರ್ ಹರಿಯುತ್ತೆ, ಎಂಸಿಬಿ ಸ್ವಲ್ಪ ಹೊತ್ತಲ್ಲಿ ಬೀಳುತ್ತೆ. ಆದ್ರೆ ನಮ್ಮದು ಎರೆ ಮಣ್ಣು. ಏಪ್ರಿಲ್, ಮೇನಲ್ಲಿ ಒಣಗಿ ಬಿರುಕು ಬಿಡುತ್ತೆ. ನೀರು ಕಾಣದ ತಗ್ಗಿನ ರೋಧ 50 ಓಮ್‌ಗೆ ಏರಿದ್ರೆ ಹರಿಯೋದು 4.6 ಆಂಪಿಯರ್ ಮಾತ್ರ. ಎಂಸಿಬಿ ಅಲ್ಲಾಡಲ್ಲ, ಕೂಲರ್ ಮೈಯಲ್ಲಿ ಕರೆಂಟ್ ಹಾಗೇ ಇರುತ್ತೆ. ಅದೂ ಕೂಲರ್ ಹಗಲು ರಾತ್ರಿ ಓಡೋ ತಿಂಗಳಲ್ಲೇ.

ಅದಕ್ಕೇ ನಾನು ಮೊದಲು ಹೇಳೋ ಹೆಸರು ಆರ್‌ಸಿಸಿಬಿ. ಮೀಟರ್ ಆದ ಮೇಲೆ, ಮೇನ್ ಸ್ವಿಚ್ ಹತ್ರ ಕೂಡಿಸೋ ಸಣ್ಣ ಡಬ್ಬಿ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ನೋಡ್ತಾ ಇರುತ್ತೆ. ಲೆಕ್ಕ ತಪ್ಪಿದ್ರೆ ಕರೆಂಟ್ ಬೇರೆ ಯಾವುದೋ ಹಾದಿ ಹಿಡಿದಿದೆ ಅಂತ ಅರ್ಥ, ಬಹುಶಃ ಒಬ್ಬರ ಮೈ. ಕೇಳಬೇಕಾದ್ದು 30 ಮಿಲಿಆಂಪಿಯರ್‌ನದು. 230 ಮಿಲಿಆಂಪಿಯರ್ ಸೋರಿದ್ರೆ ಅದು 0.04 ಸೆಕೆಂಡ್ ಒಳಗೆ ಕಡಿದು ಹಾಕಬೇಕು ಅನ್ನೋದು ಮಾನದಂಡ.

ಮುಖ್ಯ ವಿಷಯ ಏನಂದ್ರೆ, ಅರ್ಥಿಂಗ್ ಇಲ್ಲದ ಮನೆಯಲ್ಲೂ ಇದು ಕೆಲಸ ಮಾಡುತ್ತೆ. ಒಂದು ವ್ಯತ್ಯಾಸ ಇದೆ. ಅರ್ಥಿಂಗ್ ಇದ್ರೆ ನೀವು ಮುಟ್ಟೋಕೂ ಮೊದಲೇ ಬೀಳುತ್ತೆ. ಇಲ್ಲದಿದ್ರೆ ನೀವು ಮುಟ್ಟಿದ ಮೇಲೆ ಬೀಳುತ್ತೆ, ಒಂದು ಹೊಡೆತ ತಿಂತೀರಿ, ಆದ್ರೆ ಬದುಕೋ ಸಾಧ್ಯತೆ ಬಹಳ ಹೆಚ್ಚು. ಇದಕ್ಕೂ ಮಿತಿ ಇದೆ. ಒಂದು ಕೈ ಫೇಸಿಗೆ, ಇನ್ನೊಂದು ನ್ಯೂಟ್ರಲ್‌ಗೆ ತಾಗಿದ್ರೆ ಅದಕ್ಕೆ ನೀವೂ ಒಂದು ಬಲ್ಬ್ ಇದ್ದಂಗೆ, ಗೊತ್ತಾಗಲ್ಲ. ತಂತಿಗೆ ಭಾರ ಹೆಚ್ಚಾದ್ರೂ ಇದು ಬೀಳಲ್ಲ, ಅದಕ್ಕೆ ಎಂಸಿಬಿ ಜೊತೆಗಿರಲೇಬೇಕು.

ಹಳೇ ಮನೆಗಳಲ್ಲಿ ಇನ್ನೊಂದು ತಕರಾರು. ಹಾಕಿದ ದಿನದಿಂದ ಪದೇ ಪದೇ ಬೀಳುತ್ತೆ, "ಕಾಟ ಕೊಡ್ತದ, ತಗದು ಒಗೀರಿ" ಅಂತಾರೆ. ದಯವಿಟ್ಟು ತೆಗೀಬ್ಯಾಡ್ರಿ. ಎಲ್ಲೋ ಹಸಿ ಗೋಡೆಯಲ್ಲಿ, ಮೋಟರ್‌ನಲ್ಲಿ ಸೋರಿಕೆ ಇರಬಹುದು, ಇಲ್ಲಾ ಇನ್ವರ್ಟರ್‌ನ ನ್ಯೂಟ್ರಲ್ ತಪ್ಪು ಕೂಡಿರಬಹುದು. ಒಂದೊಂದೇ ಪ್ಲಗ್ ತೆಗೆದು ನೋಡಿ, ಎಲೆಕ್ಟ್ರಿಷಿಯನ್‌ನಿಂದ ಹುಡುಕಿಸ್ರಿ.

ಈಗ ಮಾಡಲೇಬಾರದ ಎರಡು ಜುಗಾಡು. ಒಂದು, ಮೂರನೇ ತೂತನ್ನ ಒಳಗಿಂದ ನ್ಯೂಟ್ರಲ್‌ಗೆ ಕೂಡಿಸೋದು. ಮುಂದೊಂದು ದಿನ ಆ ನ್ಯೂಟ್ರಲ್ ಎಲ್ಲೋ ಕಡಿದ್ರೆ, ಫ್ರಿಜ್ಜಿಗೆ ಏನೂ ಕೆಡದಿದ್ರೂ ಅದರ ಮೈಗೆಲ್ಲ 230 ವೋಲ್ಟ್ ಬರುತ್ತೆ. ಎರಡು, ನಳದ ಪೈಪಿಗೆ ಅರ್ಥ್ ತಂತಿ ಸುತ್ತೋದು. ಪೈಪ್ ಮುಂದೆ ಪ್ಲಾಸ್ಟಿಕ್ ಆಗಿದ್ರೆ ಕರೆಂಟ್ ನೆಲ ಸೇರಲ್ಲ, ನಳ ತಿರುಗಿಸಿದವರಿಗೆ ಹೊಡೆಯುತ್ತೆ. ಮೂರು ಪಿನ್ನಿನ ದೊಡ್ಡ ಪಿನ್ ಮುರಿದು ಎರಡು ತೂತಿಗೆ ತುರುಕೋದೂ ಇದೇ ಜಾತಿಯದು.

ಪರೀಕ್ಷೆ ತಯಾರಿಗೆ ಬಂದು ಬಾಡಿಗಿ ರೂಮಿನಲ್ಲಿ ಇರೋರು ವೈರಿಂಗ್ ಬದಲಿಸೋಕಾಗಲ್ಲ, ಗೊತ್ತು. ನೀರು ಕಾಯಿಸೋ ರಾಡ್ ಇದ್ರೆ ಪ್ಲಾಸ್ಟಿಕ್ ಬಕೆಟ್ ಬಳಸ್ರಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲೇ ನೀರಿಗೆ ಬೆರಳು ಇಡ್ರಿ. ಕೂಲರ್‌ಗೆ ನೀರು ಹಾಕುವಾಗಲೂ ಅಷ್ಟೇ. ಬಟ್ಟೆ ಒಣಹಾಕೋಕೆ ತಂತಿ ಬದಲು ನೈಲಾನ್ ಹಗ್ಗ ಕಟ್ರಿ, ಸರ್ವೀಸ್ ವೈರಿನಿಂದ ದೂರ. ಚಾರ್ಜರ್‌ನ ಎರಡೇ ಪಿನ್ ನೋಡಿ ಹೆದರಬೇಡ್ರಿ. ಅದರ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ರೆ ಒಳಗೆ ಎರಡು ಪದರ ಇನ್ಸುಲೇಷನ್ ಇದೆ ಅಂತ. ಆದ್ರೆ ಬಿಐಎಸ್ ಗುರುತು ಇಲ್ಲದ ಅಗ್ಗದ ಚಾರ್ಜರ್ ನಂಬಿ, ಚಾರ್ಜಿಗೆ ಹಾಕಿದ ಫೋನಿಗೆ ವೈರಿನ ಇಯರ್‌ಫೋನ್ ಸಿಕ್ಕಿಸಿ ಮಲಗಬೇಡ್ರಿ. ಇದನ್ನೇ ಹಂಗ ಕೇಳ್ತಿದ್ರೆ ಈಗಲೇ ತೆಗೀರಿ!

ಸ್ವಂತ ಮನೆ ಇದ್ದು, ರೊಕ್ಕ ಒಮ್ಮೆಲೇ ಹೊಂದಲ್ಲ ಅಂದ್ರೆ ಮೊದಲು ಆರ್‌ಸಿಸಿಬಿ. ಆಮೇಲೆ ಅರ್ಥಿಂಗ್ ತಗ್ಗು, ಅಲ್ಲಿಂದ ಫ್ರಿಜ್, ಮೋಟರ್, ಕೂಲರ್ ಬೋರ್ಡ್‌ಗಳಿಗೆ ಹಸಿರು ತಂತಿ. ಬ್ಯಾಸಿಗಿಯಲ್ಲಿ ಆ ತಗ್ಗಿಗೆ ಆಗಾಗ ಒಂದು ಕೊಡ ನೀರು. ಕೆಲಸ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್‌ನಿಂದಲೇ ಆಗಲಿ. ಕಂಬ, ಸರ್ವೀಸ್ ವೈರಿನ ತೊಂದರೆಗೆ ಹೆಸ್ಕಾಂ ಸಹಾಯವಾಣಿ 1912.

ಯಾರಿಗಾದ್ರೂ ಕರೆಂಟ್ ಹಿಡಿದ್ರೆ ಎಳೆಯೋಕೆ ಕೈ ಹಾಕಬೇಡ್ರಿ, ಇಬ್ಬರೂ ಹೋಗ್ತೀರಿ. ಮೊದಲು ಮೇನ್ ಆಫ್. ಅದು ಸಿಗದಿದ್ರೆ ಒಣ ಕಟ್ಟಿಗೆಯಿಂದ ದೂಡ್ರಿ. 108ಕ್ಕೆ ಫೋನ್ ಮಾಡ್ರಿ. ಉಸಿರಿಲ್ಲ ಅಂದ್ರೆ ಎದೆ ನಡುವೆ ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಾ ಇರ್ರಿ, ಆಂಬುಲೆನ್ಸ್ ಬರೋತನಕ.

ಮನೆಯಲ್ಲಿ ಆರ್‌ಸಿಸಿಬಿ ಇದ್ದೋರು ಇವತ್ತೇ ಒಂದು ಕೆಲಸ ಮಾಡ್ರಿ. ಅದರ ಮೇಲೆ 'ಟಿ' ಅಂತ ಬರೆದ ಸಣ್ಣ ಗುಂಡಿ ಇರುತ್ತೆ, ಒತ್ತಿ ನೋಡ್ರಿ. ಟಕ್ ಅಂತ ಬಿದ್ರೆ ಸರಿ, ಮೇಲೆತ್ತಿ ಬಿಡ್ರಿ, ತಿಂಗಳಿಗೊಮ್ಮೆ ಹೀಗೇ ಮಾಡ್ರಿ. ಬೀಳದಿದ್ರೆ ಅದು ಗೋಡೆ ಮೇಲಿನ ಗೊಂಬೆ, ನಾಳೆಯೇ ಬದಲಿಸ್ರಿ. ಮನೆಯ ಹೆಣ್ಣುಮಕ್ಕಳಿಗೂ ಮೇನ್ ಸ್ವಿಚ್ ಎಲ್ಲಿದೆ, ಹೇಗೆ ಆರಿಸೋದು ಅಂತ ತೋರಿಸಿ ಇಡ್ರಿ. ನೀರು, ಮೋಟರ್, ಫ್ರಿಜ್ ಜೊತೆ ದಿನವಿಡೀ ಇರೋರು ಅವರೇ.